ವಿಮಾನ ಇಳಿದ ಕಾಲಿಗೂ ವಿಶ್ರಾಂತಿ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಾನು ಹುಡುಗರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಈಗ ವೃತ್ತಿಪರ ಆಟಗಾರ. ಹೋದ ತಿಂಗಳು ವಿದೇಶದಲ್ಲಿ ಆಡಿ, ನೇರ ನಮ್ಮ ಮನೆಗೆ ಬಂದಿದ್ದ. ಸಾಕ್ಸ್ ಕಳಚಿದರೆ ಕಾಲು ಬಾತಿತ್ತು. ಬೆರಳಿಂದ ಒತ್ತಿದ ಗುಳಿ ಹಾಗೇ ಉಳಿಯಿತು. ರೊಟ್ಟಿ, ಪುಂಡಿ ಪಲ್ಯ ಎರಡು ತುತ್ತು ತಿಂದು ಕೂತಲ್ಲೇ ತೂಕಡಿಸಿದ. ‘ಸರ್, ಹೊಟ್ಟೆಗೆ ಇದು ಯಾವ ಹೊತ್ತು ಅಂತ ತಿಳೀವಲ್ದರಿ’ ಅಂದ. ನನಗೆ ಕರುಳು ಚುರ್ ಅಂತು.

ವಿಮಾನದೊಳಗಿನ ಗಾಳಿ ಬಹಳ ಒಣ. ಒತ್ತಡವೂ ಕಡಿಮೆ, ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. ಎತ್ತರದ ಹುಡುಗರು ಮೊಣಕಾಲು ಮಡಚಿಕೊಂಡೇ ಹತ್ತು ಗಂಟೆ ಕಳೆಯಬೇಕು. ಅದಕ್ಕಿಂತ ಜಾಸ್ತಿ ಕಾಡುವುದು ನಿದ್ದೆ. ಎರಡು ದೇಶಗಳ ಗಡಿಯಾರದ ನಡುವಿನ ಒಂದೊಂದು ಗಂಟೆಯ ವ್ಯತ್ಯಾಸಕ್ಕೂ ಮೈ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು. ಪೂರ್ವಕ್ಕೆ ಹೋದರೆ ಇನ್ನೂ ಕಷ್ಟ. ಅಲ್ಲಿನ ಬೇಸಿಗೆಯಲ್ಲಿ ನ್ಯೂಜಿಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದಿರುತ್ತದೆ. ಇಳಿದ ಮೂರನೇ ದಿನಕ್ಕೇ ಪಂದ್ಯ ಇಟ್ಟರೆ ಹೇಗೆ?

ದೇಶದೊಳಗೂ ಓಡಾಟ ಕಮ್ಮಿ ಇಲ್ಲ. 2023ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಭಾರತ 9 ಲೀಗ್ ಪಂದ್ಯಗಳನ್ನು 9 ಊರುಗಳಲ್ಲಿ ಆಡಿತು. ದೊಡ್ಡ ತಂಡದ ಜೊತೆ ಆಟಗಾರರ ಮೈಕೈ ನೋವು ನೋಡಿಕೊಳ್ಳುವ ಫಿಸಿಯೋ ಇರುತ್ತಾರೆ. ವಾಲಿಬಾಲ್, ಕಬಡ್ಡಿ ಹುಡುಗರಿಗೆ ಯಾರಿದ್ದಾರೆ?

ವೇಳಾಪಟ್ಟಿ ಮಾಡುವವರು ಪ್ರಯಾಣದ ದಿನವನ್ನು ವಿಶ್ರಾಂತಿಯ ದಿನ ಅಂತ ಲೆಕ್ಕ ಹಾಕಬಾರದು. ಉದ್ದ ಕಾಲಿನವರಿಗೆ ಮುಂದಿನ ಸಾಲಿನ ಸೀಟಾದರೂ ಕೊಡಿಸಲಿ. ಸೋತು ಬಂದ ಹುಡುಗರನ್ನು ಬೈಯುವ ಮೊದಲು ನಾವೂ ಅವರು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೆ ಅಂತ ಕೇಳೋಣ.

– ವಾಲಿಬಾಲ್ ತರಬೇತುದಾರ, ಶಹಾಬಜಾರ, ಕಲಬುರಗಿ