ಕಾಫಿ ದೃಶ್ಯ ಬಿಟ್ಟು ಬೇರೆ ಏನೂ ಕಾಣಲಿಲ್ಲವೇ?

ಮಾನ್ಯ ಸಂಪಾದಕರೇ,

ಹಳೆಯ ಹಾಲಿವುಡ್ ಕ್ರೈಂ ಚಿತ್ರಗಳ ಮಾತು ಬಂದಾಗಲೆಲ್ಲ 1953ರ ‘ದಿ ಬಿಗ್ ಹೀಟ್’ ಹೆಸರು ಬರುತ್ತದೆ. ಅದರಲ್ಲೂ ಎಲ್ಲರೂ ಬರೆಯುವುದು ಒಂದೇ ದೃಶ್ಯದ ಬಗ್ಗೆ: ಲೀ ಮಾರ್ವಿನ್ ಕುದಿಯುವ ಕಾಫಿಯನ್ನು ಗ್ಲೋರಿಯಾ ಗ್ರಹಾಂ ಮುಖಕ್ಕೆ ಎರಚುವುದು. ಭಯಾನಕ, ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ಅದೇ ಮನೆಯಲ್ಲಿ ಇಸ್ಪೀಟು ಆಡುತ್ತಾ ಕೂತವನು ಯಾರು ಅಂತ ಯಾಕೆ ಯಾರೂ ಹೇಳುವುದಿಲ್ಲ? ಊರಿನ ಪೊಲೀಸ್ ಕಮಿಷನರ್! ಇವಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು ಅಂತ ಮಾರ್ವಿನ್ ಮಾಡಿದ ರೌಡಿ ಕಮಿಷನರ್‌ಗೇ ಹುಕುಂ ಮಾಡುತ್ತಾನೆ. ಕಮಿಷನರ್‌ಗೆ ಚಿಂತೆ ಸುಟ್ಟ ಮುಖದ್ದಲ್ಲ, ತನ್ನ ಹೆಸರು ಇದರಲ್ಲಿ ಬರುತ್ತದಲ್ಲ ಅನ್ನುವುದು.

ಚಿತ್ರ ಶುರುವಾಗುವುದೇ ಒಬ್ಬ ಪೊಲೀಸ್ ಅಧಿಕಾರಿಯ ಆತ್ಮಹತ್ಯೆಯಿಂದ. ಪಕ್ಕದಲ್ಲಿ ತಪ್ಪೊಪ್ಪಿಗೆಯ ಪತ್ರ. ಹೆಂಡತಿ ಬರ್ತಾ ಕೆಳಗಿಳಿದು ಬರುತ್ತಾಳೆ, ಅಳುವುದಿಲ್ಲ, ಪತ್ರ ಓದುತ್ತಾಳೆ, ನೇರವಾಗಿ ಊರನ್ನು ಆಳುವ ಗ್ಯಾಂಗಿನ ದೊರೆಗೆ ಫೋನ್ ಮಾಡುತ್ತಾಳೆ. ಪತ್ರ ಬ್ಯಾಂಕ್ ಲಾಕರ್ ಸೇರುತ್ತದೆ, ಅದನ್ನು ಮುಚ್ಚಿಟ್ಟದ್ದಕ್ಕೆ ಗ್ಯಾಂಗಿನಿಂದ ಅವಳಿಗೆ ದುಡ್ಡು ಬರಲು ಶುರುವಾಗುತ್ತದೆ. ಅವಳು ಸತ್ತರೆ ಪತ್ರ ಹೊರಗೆ ಬರುತ್ತದೆ ಅನ್ನುವ ಏರ್ಪಾಡು ಬೇರೆ. ಜೆನೆಟ್ ನೋಲನ್ ಈ ಪಾತ್ರವನ್ನು ಎಷ್ಟು ತಣ್ಣಗೆ ಮಾಡಿದ್ದಾರೆ ಅಂದರೆ, ನನಗೆ ಲೀ ಮಾರ್ವಿನ್‌ಗಿಂತ ಇವಳ ಭಯವೇ ಜಾಸ್ತಿ. ಲಂಚ ಅಂದರೆ ಮೇಜಿನ ಕೆಳಗಿನ ಕವರ್ ಅಲ್ಲ, ಗಂಡ ಸತ್ತ ಮೇಲೂ ಮನೆಗೆ ಬರುವ ಪಿಂಚಣಿ ಅಂತ ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ ಒಂದು ಭಾಷಣವೂ ಇಲ್ಲದೆ ತೋರಿಸಿಬಿಟ್ಟಿದ್ದಾರೆ.

ಇದೆಲ್ಲ ಸುಮ್ನೆ ಕಟ್ಟಿದ ಕತೆ ಅಂತ ಅಂದಿನ ಅಮೆರಿಕನ್ನರಿಗೆ ಅನ್ನಿಸಿರಲಿಕ್ಕಿಲ್ಲ. 1950–51ರಲ್ಲಿ ಸೆನೆಟರ್ ಕೆಫಾವರ್ ಸಮಿತಿ ಸಂಘಟಿತ ಅಪರಾಧದ ವಿಚಾರಣೆ ನಡೆಸಿದಾಗ ಜನ ಅದನ್ನು ಟಿವಿಯಲ್ಲೇ ನೋಡಿದ್ದರು. ಚಿತ್ರಕಥೆ ಬರೆದ ಸಿಡ್ನಿ ಬೋಮ್ ಕೂಡ ಮೊದಲು ಪತ್ರಿಕಾ ವರದಿಗಾರ.

ಇನ್ನು ನಾಯಕ ಬ್ಯಾನಿಯನ್. ಗ್ಲೆನ್ ಫೋರ್ಡ್ ಮಾಡಿದ ಈ ಪಾತ್ರವನ್ನು ‘ಪ್ರಾಮಾಣಿಕ ಪೊಲೀಸ್’ ಅಂತ ಹೊಗಳಿ ಮುಗಿಸುತ್ತಾರೆ. ಪ್ರಾಮಾಣಿಕ ನಿಜ. ಆದರೆ ಲೆಕ್ಕ ಹಾಕಿ. ಇವನಿಗೆ ಮಾಹಿತಿ ಕೊಟ್ಟ ಲೂಸಿಯನ್ನು ಸಿಗರೇಟಿನಿಂದ ಸುಟ್ಟು ಕೊಲ್ಲುತ್ತಾರೆ, ಇವನಿಗಿಟ್ಟ ಬಾಂಬಿಗೆ ಹೆಂಡತಿ ಬಲಿಯಾಗುತ್ತಾಳೆ. ಕಾಫಿ ಬಿದ್ದ ಡೆಬ್ಬಿಯ ಕೈಗೆ ಪಿಸ್ತೂಲು ಕೊಟ್ಟವನೂ ಇವನೇ, ಬರ್ತಾ ಸತ್ತರೆ ಏನಾಗುತ್ತದೆ ಅಂತ ಅವಳಿಗೆ ಹೇಳಿದವನೂ ಇವನೇ. ಬರ್ತಾಳನ್ನು ತಾನೇ ಕತ್ತು ಹಿಸುಕಿ ಕೊಲ್ಲಲು ಹೋಗಿ ಕೊಲ್ಲದೆ ಬಿಟ್ಟವನು, ಆ ಕೆಲಸ ಡೆಬ್ಬಿಯಿಂದ ಆಗುವಂತೆ ದಾರಿ ಮಾಡಿಕೊಟ್ಟ, ಬೇಕೂಂತಲೋ ಅರಿವಿಲ್ಲದೆಯೋ. ಡೆಬ್ಬಿಯೂ ಕೊನೆಗೆ ಸಾಯುತ್ತಾಳೆ. ಊರು ಸ್ವಚ್ಛವಾಯಿತು, ಇವನಿಗೆ ಹಳೆಯ ಕುರ್ಚಿ ಸಿಕ್ಕಿತು. ಜೀವ ತೆತ್ತವರಲ್ಲಿ ಹೆಚ್ಚಿನವರು ಹೆಂಗಸರು, ಅಲ್ವಾ?

ಚಿತ್ರವನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಲ್ಯಾಂಗ್‌ಗೆ ಇದು ಗೊತ್ತಿತ್ತು ಅಂತಲೇ ನನ್ನ ಭಾವನೆ. ನಿಮ್ಮ ಸಿನಿಮಾ ಪುಟದಲ್ಲಿ ಯಾರಾದರೂ ಈ ಚಿತ್ರದ ಬಗ್ಗೆ ಮತ್ತೆ ಬರೆಯುವುದಾದರೆ, ದಯವಿಟ್ಟು ಜೆನೆಟ್ ನೋಲನ್‌ಗೆ ಒಂದು ಪ್ಯಾರಾ ಆದರೂ ಕೊಡಿ.

– ಒಬ್ಬ ಓದುಗ