ಸಣ್ಣ ಸಿಲಿಂಡರ್ ಸಿಗೋಹಂಗ ಮಾಡ್ರಿ, ಆಮೇಲೆ ದಾಳಿ ಮಾಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ಪೇಪರ್‌ನ್ಯಾಗ ಆಗಾಗ ಒಂದು ಸುದ್ದಿ ತಪ್ಪದ ಬರ್ತೈತಿ, ಅಕ್ರಮ ಗ್ಯಾಸ್ ರೀಫಿಲ್ಲಿಂಗ್ ಅಡ್ಡೆ ಮ್ಯಾಲೆ ದಾಳಿ, ಇಷ್ಟು ಸಿಲಿಂಡರ್ ಜಪ್ತಿ, ಒಬ್ಬನ ಮ್ಯಾಲೆ ಕೇಸ್ ಅಂತ. ಫೋಟೋದಾಗ ಸಿಲಿಂಡರ್ ಸಾಲಾಗಿ ನಿಲ್ಲಿಸಿ ಹಿಂದ ಅಧಿಕಾರಿಗಳು ನಿಂತಿರ್ತಾರ. ಚಲೋ ಕೆಲಸಾನೇ, ಬ್ಯಾಡ ಅನ್ನಂಗಿಲ್ಲ. ಆದ್ರ ಗಂಗಾವತಿಯೊಳಗ ಗ್ಯಾಸ್ ಒಲಿ ರಿಪೇರಿ ಅಂಗಡಿ ಇಟ್ಕೊಂಡು ಕುಂತಿರೋ ನನಗ ಕಾಣೋದು ಏನಂದ್ರ, ಇವತ್ತು ಮುಚ್ಚಿಸಿದ ಅಡ್ಡೆ ಸ್ವಲ್ಪ ದಿನಕ್ಕ ಆಚೆ ಓಣಿಯೊಳಗ ಶುರು ಆಗಿರ್ತೈತಿ, ಯಾಕಂದ್ರ ತುಂಬಿಸ್ಕೊಳ್ಳೋ ಮಂದಿ ಎಲ್ಲೂ ಹೋಗಿರಂಗಿಲ್ಲ, ಅವರಿಗೆ ರಾತ್ರಿ ಅಡಿಗಿ ಆಗಬೇಕಲ್ಲ.

ಯಾರಪ ಈ ಮಂದಿ ಅಂದ್ರ, ರೂಮ್ ಮಾಡ್ಕೊಂಡು ಓದೋ ಹುಡುಗ್ರು, ಸುಗ್ಗಿ ಟೈಮಿಗೆ ಭತ್ತ ಕೊಯ್ಯೋ ಮಷೀನ್ ತಗೊಂಡು ಹೊರರಾಜ್ಯದಿಂದ ಬರೋ ಡ್ರೈವರ್‌ಗಳು, ಕ್ಯಾಬಿನ್ ಹಿಂದ ಸ್ಟೋವ್ ಇಟ್ಕೊಂಡಿರೋ ಲಾರಿಯವರು, ಹುಲಿಗಿಗೆ, ಅಂಜನಾದ್ರಿಗೆ ಬಸ್ ಮಾಡ್ಕೊಂಡು ಅಡಿಗಿಯವರನ್ನ ಜೊತಿಗೇ ಕರ್ಕೊಂಡು ಬರೋ ಯಾತ್ರಾ ಪಾರ್ಟಿಗಳು. ಈಗ ಇತ್ತಿತ್ಲಾಗ ಇವರ ಜೊತಿ ಇನ್ನೊಂದು ಜಾತಿ ಗಿರಾಕಿ ಸೇರ್ಯಾರ, ಮೋಟರ್‌ಹೋಮ್‌ನವರು. ಟೆಂಪೋ ಟ್ರಾವೆಲರ್ ಒಳಗ ಮಂಚ, ಸಿಂಕು, ಎರಡು ಬರ್ನರ್ ಒಲಿ, ಫ್ರಿಜ್ ಎಲ್ಲಾ ಕೂಡಿಸಿ ಮನಿಯಂಗ ಮಾಡ್ಕೊಂಡು ಬೆಂಗಳೂರು, ಹೈದರಾಬಾದ್, ಪುಣೆ ಕಡೆಯಿಂದ ಬರ್ತಾರ, ಆನೆಗೊಂದಿ, ಸಾಣಾಪುರ ಕಡೆ ಯಾರ್ದಾದ್ರೂ ತ್ವಾಟದ ಬಾಜೂ ಗಾಡಿ ಹಚ್ಚಿ ಎರಡು ಮೂರು ದಿನ ಇರ್ತಾರ. ಚಳಿಗಾಲದಾಗ ಒಮ್ಮೊಮ್ಮೆ ಯುರೋಪ್ ನಂಬರ್ ಪ್ಲೇಟ್ ಗಾಡಿನೂ ಕಾಣ್ತಾವ, ದೇಶ ದಾಟ್ಕೋತ ರೋಡ್ ಮ್ಯಾಲೇ ಬಂದಿರ್ತಾರ ಪಾಪ, ಹಂಪಿ ನೋಡಿ ಹೊಳಿ ಈಚೆ ನಮ್ಮ ಕೊಪ್ಪಳ ಜಿಲ್ಲೆ ಕಡೆ ಬಂದು ನಿಲ್ತಾರ. ಇವರೆಲ್ಲರಿಗೂ ಒಂದೇ ತ್ರಾಸು, ಗ್ಯಾಸ್ ಖಾಲಿ ಆದ್ರ ಎಲ್ಲಿ ತುಂಬಿಸೋದು.

ನನ್ನ ಅಂಗಡಿಗೆ ಬಂದು ಕೇಳ್ತಾರ. "ಅಣ್ಣಾ, ಒಂದೆರಡು ಕೆಜಿ ಹಾಕಿ ಕೊಡಿ, ರೇಟ್ ಎಷ್ಟಾದ್ರೂ ಪರ್ವಾಗಿಲ್ಲ." ನಾನು "ಇಲ್ಲ ಬಿಡ್ರಿ ಸರ, ಆ ಕೆಲಸ ನಾ ಮಾಡಂಗಿಲ್ಲ" ಅಂದ್ರ ಮುಖ ಸಣ್ಣದು ಮಾಡ್ಕೊಂಡು, "ಹಂಗಾದ್ರೆ ಯಾರು ಮಾಡ್ತಾರೆ ಅದನ್ನಾದ್ರೂ ಹೇಳಿ" ಅಂತಾರ. ಹೇಳಾಕ ಬರ್ತೈತೇನ್ರಿ? ನಾ ಹೇಳದಿದ್ರೂ ಬಾಜೂ ಚಾದಂಗಡಿಯವ ಹೇಳ್ತಾನ, ಹೋಗ್ತಾರ, ತುಂಬಿಸ್ಕೊಂಡು ಬರ್ತಾರ.

ಅಲ್ಲಿ ತುಂಬೋದು ಹ್ಯಾಂಗ ಅನ್ನೋದನ್ನ ಓದುಗರಿಗೆ ಸ್ವಲ್ಪ ಹೇಳ್ತೀನಿ, ಭಾಳ ಮಂದಿ ಅದನ್ನ ಕಣ್ಣಾರೆ ನೋಡಿರಂಗಿಲ್ಲ. ಕೆಂಪು ಬಣ್ಣದ ಮನಿ ಸಿಲಿಂಡರ್‌ನ ತಲಿಕೆಳಗ ಮಾಡಿ ಹಳೇ ಟೈರ್ ಮ್ಯಾಲೋ ಸ್ಟೂಲ್ ಮ್ಯಾಲೋ ಇಡ್ತಾರ, ಎರಡೂ ಕಡೆ ಪಿನ್ ಇರೋ ಒಂದು ಮೋಟು ಪೈಪ್ ಚುಚ್ಚಿ ಕೆಳಗಿನ ಸಣ್ಣ ಸಿಲಿಂಡರ್‌ಗೆ ಇಳಸ್ತಾರ, ಸಣ್ಣದಕ್ಕ ಹಸಿ ಗೋಣಿಚೀಲ ಸುತ್ತಿರ್ತಾರ, ತಣ್ಣಗಿದ್ರ ಜಲ್ದಿ ಇಳಿತೈತಿ ಅಂತ. ಕೂಡೋ ಜಾಗದಾಗ ಸುಸ್ ಅಂತ ಗ್ಯಾಸ್ ಹೊರಗ ಹೋಗ್ತಿರ್ತೈತಿ, ಪೈಪ್ ಮ್ಯಾಲೆ ಬೆಳ್ಳಗ ಹಿಮ ಕಟ್ಟಿರ್ತೈತಿ, ಅಂಗಡಿ ಬಾಗಿಲ ಅರ್ಧ ಹಾಕಿರ್ತಾರ ಯಾರೂ ನೋಡಬಾರದು ಅಂತ, ಅಂದ್ರ ಹೊರಗ ಹೋಗಬೇಕಾದ ಗ್ಯಾಸೂ ಒಳಗೇ. ತೂಕ? ಕೈಯಾಗ ಎತ್ತಿ ನೋಡಿ "ಆತು ತಗೋರಿ" ಅಂತಾರ. ಅಷ್ಟೇ ತೂಕ.

ಇಲ್ಲೇ ಅಪಾಯ ಇರೋದು, ಬರೇ ಕಾನೂನಿನ ಮಾತಲ್ಲ ಇದು. ನಮ್ಮ ಮನಿ 14.2 ಕೆಜಿ ಸಿಲಿಂಡರ್ ಐತಲ್ಲ, ಅದಕ್ಕ ನೀರು ತುಂಬಿಸಿದ್ರ 33.3 ಲೀಟರ್ ಹಿಡಿತೈತಿ, ಒಳಗಿರೋ ದ್ರವ ಗ್ಯಾಸ್ ಮಾತ್ರ ಸುಮಾರು 26 ಲೀಟರ್. ಉಳಿದ ಜಾಗ ಬೇಕಂತಲೇ ಖಾಲಿ ಬಿಟ್ಟಿರ್ತಾರ, ಕಂಪನಿಯವರು ಕಮ್ಮಿ ತುಂಬಿ ಮೋಸ ಮಾಡ್ತಾರ ಅಂತ ಕೆಲವರು ಅಂತಾರ, ಅದು ಮೋಸ ಅಲ್ರೀ, ಬಿಸಿಲಿಗೆ ಒಳಗಿನ ದ್ರವ ಹಿಗ್ಗಿದ್ರ ಅದಕ್ಕ ಜಾಗ ಬೇಕು. ಕಣ್ಣಂದಾಜಿನ ಮ್ಯಾಲೆ ಬಾಯಿಮಟ ತುಂಬಿದ ಸಣ್ಣ ಸಿಲಿಂಡರ್‌ದಾಗ ಆ ಜಾಗಾನೇ ಇರಂಗಿಲ್ಲ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಬ್ಯಾಸಿಗಿ ಗೊತ್ತಲ್ಲ, 40 ಡಿಗ್ರಿ ದಾಟೋದು ಹೊಸಾದೇನಲ್ಲ, ಅಂಥಾದ್ರಾಗ ಕಿಟಕಿ ಮುಚ್ಚಿ ಬಿಸಿಲಾಗ ನಿಲ್ಲಿಸಿದ ಗಾಡಿ ಒಳಗ ಹೊರಗಿಗಿಂತ ಎಷ್ಟೋ ಜಾಸ್ತಿ ಕಾವು, ದ್ರವ ಹಿಗ್ಗಿ ಸಿಲಿಂಡರ್ ಪೂರ್ತಿ ತುಂಬ್ಕೊಂತು ಅಂದ್ರ ಆಮೇಲೆ ಉಕ್ಕು ಎಷ್ಟು ತಡಿತೈತಿ ಅನ್ನೋದಷ್ಟೇ ಪ್ರಶ್ನೆ. ಸಂತಿಯಾಗ ಸಿಗೋ ಐಎಸ್‌ಐ ಇಲ್ಲದ ತೆಳು ತಗಡಿನ ಸಿಲಿಂಡರ್ ಆದ್ರ ಕೇಳೋದೇ ಬ್ಯಾಡ.

ಎರಡನೇದು ಸೋರಿಕಿ. ಅಡಿಗಿ ಗ್ಯಾಸ್ ಗಾಳಿಗಿಂತ ಭಾರ, ಮ್ಯಾಲೆ ಹೋಗಂಗಿಲ್ಲ, ನೀರಿನಂಗ ಕೆಳಗ ಹರಿದು ತಗ್ಗು ಇದ್ದಲ್ಲಿ ನಿಲ್ತೈತಿ. ಒಂದು ಲೀಟರ್ ದ್ರವ ಸೋರಿದ್ರ ಸುಮಾರು 250 ಲೀಟರ್ ಗ್ಯಾಸ್ ಆಗ್ತೈತಿ, ಗಾಡಿ ಒಳಗಿನ ಜಾಗ ಎಷ್ಟು ಇರ್ತೈತಿ ನೀವೇ ಲೆಕ್ಕ ಹಾಕ್ರಿ. ಮನಿಯಾಗ ಆದ್ರ ಬಾಗಿಲ ತೆಗೆದು ಹೊರಗ ಓಡ್ಬಹುದು, ಗಾಡಿಯೊಳಗ ಮಂಚದ ಕೆಳಗೇ ಸಿಲಿಂಡರ್ ಇಟ್ಟು ಅದರ ಮ್ಯಾಲೆ ಮಕ್ಕಳನ್ನ ಮಲಗಿಸಿರ್ತಾರ. ಬೇರೆ ದೇಶದ ಗಾಡಿಗಳನ್ನ ನೋಡೀನಿ, ಸಿಲಿಂಡರ್‌ಗೆ ಬ್ಯಾರೇನೇ ಡಬ್ಬಿ, ಅದರ ಬಾಗಿಲ ಹೊರಗಿಂದ, ಒಳಗಿನ ಕಡೆ ಪೂರ್ತಿ ಸೀಲ್, ತಳದಾಗ ಅಂಗೈ ಅಗಲ ತೂತು, ಸೋರಿದ್ದು ರೋಡಿಗೆ ಇಳಿದು ಹೋಗ್ಲಿ ಅಂತ. ನಮ್ಮ ಕಡೆ ಗ್ಯಾರೇಜ್‌ದಾಗ ಮಾಡಿಸಿದ ಗಾಡಿಗಳಾಗ ಪ್ಲೈವುಡ್, ಲೈಟು, ಟಿವಿ ಎಲ್ಲಾ ಭರ್ಜರಿ ಇರ್ತಾವ, ಆ ಒಂದು ತೂತು ಮಾತ್ರ ಇರಂಗಿಲ್ಲ. ತೂತು ಹಾಕಿದ್ರ ಧೂಳು ಬರ್ತೈತಿ ಅಂತ ಒಬ್ರು ನನಗೇ ವಾದ ಮಾಡಿದ್ರು!

ಮಧುರೈ ಘಟನೆ ಎಲ್ಲರಿಗೂ ನೆನಪಿರಬೇಕು. 2023ರ ಆಗಸ್ಟ್ 26ಕ್ಕ, ಲಖನೌ ಕಡೆಯಿಂದ ಬಂದ ಯಾತ್ರಿಕರ ರೈಲು ಬೋಗಿ ಮಧುರೈ ಸ್ಟೇಷನ್ ಹತ್ರ ನಿಂತಾಗ ಒಳಗ ಕದ್ದು ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಮಂದಿ ಹೋದ್ರು. ಅದೂ ಓಡೋ ಗಾಡಿ ಅಲ್ಲ, ನಿಂತ ಬೋಗಿ, ಬೆಳಿಗ್ಗೆ ಚಾ ತಿಂಡಿ ಹೊತ್ತು. ಅಂಜನಾದ್ರಿ ಕೆಳಗ ಪಾರ್ಕಿಂಗ್‌ದಾಗ ಬಸ್ ಪಕ್ಕ ಬಸ್ ನಿಂತು ನಡುವ ಒಲಿ ಹಚ್ಚಿದ್ದು ನೋಡಿದಾಗೆಲ್ಲಾ ನನಗ ಅದೇ ನೆನಪಾಗ್ತೈತಿ.

ಇನ್ನು ಕಾನೂನು ಏನ ಹೇಳ್ತೈತಿ ಅಂದ್ರ ಒಂದರಿಂದ ಇನ್ನೊಂದಕ್ಕ ಗ್ಯಾಸ್ ಇಳಸೋದು ಅಪರಾಧ. 2000ದ ಎಲ್‌ಪಿಜಿ ಪೂರೈಕೆ ಆದೇಶ, 2016ರ ಗ್ಯಾಸ್ ಸಿಲಿಂಡರ್ ನಿಯಮ ಎರಡೂ ಅದಾವ, ತುಂಬೋದು ಏನಿದ್ರೂ ಲೈಸೆನ್ಸ್ ಇರೋ ಪ್ಲಾಂಟ್‌ದಾಗ, ಅದೂ ಮಂಜೂರಾದ ಸಿಲಿಂಡರ್‌ಗೆ ಮಾತ್ರ. ನಮ್ಮ ದೇಶದಾಗ ಸಿಲಿಂಡರ್ ತುಂಬಿಸ್ಕೊಳ್ಳೋ ಪದ್ಧತಿನೇ ಇಲ್ಲ, ಬದಲಿ ಪದ್ಧತಿ, ಖಾಲಿ ಕೊಟ್ಟು ತುಂಬಿದ್ದು ತರೋದು. ಹಂಗಾಗಿ ಹೊರದೇಶದ ಗಾಡಿಯವರ ಸಿಲಿಂಡರ್‌ನ ಏಜೆನ್ಸಿಯವರು ಮುಟ್ಟಂಗಿಲ್ಲ, ಅವರದು ವಾಲ್ವೂ ಬ್ಯಾರೆ. ಯುರೋಪ್ ಕಡೆ ಕೆಲವು ಗಾಡಿಗಳಾಗ ಪರ್ಮನೆಂಟ್ ಟ್ಯಾಂಕ್ ಇರ್ತೈತಿ, 80 ಪರ್ಸೆಂಟ್ ತುಂಬಿದ ಕೂಡ್ಲೇ ತಾನೇ ಬಂದ್ ಆಗೋ ವಾಲ್ವ್ ಇರ್ತೈತಿ, ಅವರು ಅಲ್ಲಿ ಕಾರಿಗೆ ಗ್ಯಾಸ್ ಹಾಕೋ ಬಂಕಿನಾಗೇ ತುಂಬಿಸ್ಕೊಂತಾರ. ಅದೇ ರೂಢಿ ಮ್ಯಾಲೆ ಇಲ್ಲೂ ಆಟೋ ಗ್ಯಾಸ್ ಬಂಕಿಗೆ ಹೋಗಿ ಕೇಳ್ತಾರ, ಬಂಕಿನ ಹುಡುಗ ಆಗಂಗಿಲ್ಲ ಅಂತಾನ, ಅವ ಹೇಳೋದು ಖರೇ, ಇಲ್ಲಿ ಅದು ಗಾಡಿ ಓಡಿಸೋ ಇಂಧನಕ್ಕಷ್ಟೇ. ಆದ್ರ ಮುಂದ ಏನ್ ಮಾಡ್ಬೇಕು ಅಂತ ಹೇಳೋರು ಯಾರೂ ಇಲ್ಲ.

ದಾರಿ ಐತ್ರೀ, ಇಲ್ಲ ಅಂತಲ್ಲ. 2013ರಿಂದಲೇ 5 ಕೆಜಿ ಸಿಲಿಂಡರ್ ಕನೆಕ್ಷನ್ ಇಲ್ಲದವರಿಗೂ ಕೊಡ್ತಾರ, ಇಂಡೇನ್‌ನವರು ಅದಕ್ಕ ಛೋಟು ಅಂತ ಹೆಸರಿಟ್ಟಾರ, ಬ್ಯಾರೆ ಎರಡು ಕಂಪನಿಯವೂ ಅದಾವ. ಗುರುತಿನ ದಾಖಲೆ ಒಂದು ತೋರಿಸಿದ್ರ ಸಾಕು, ವಿಳಾಸದ ಪುರಾವೆ ಕೇಳಂಗಿಲ್ಲ, ಊರೂರು ತಿರುಗೋರಿಗೇ ಹೇಳಿ ಮಾಡಿಸಿದ್ದು. ಏಜೆನ್ಸಿಯಾಗ, ಆಯ್ದ ಪೆಟ್ರೋಲ್ ಬಂಕಿನಾಗ, ಕೆಲವು ಕಿರಾಣಿ ಅಂಗಡಿಯಾಗೂ ಮಾರಾಕ ಅವಕಾಶ ಐತಿ, ಖಾಲಿ ಆದ್ರ ಆ ಕಂಪನಿದು ಎಲ್ಲಿ ಮಾರ್ತಾರೋ ಅಲ್ಲಿ ಕೊಟ್ಟು ತುಂಬಿದ್ದು ತಗೊಳ್ಳೋದು. ರೇಟ್ ಮನಿ ಸಿಲಿಂಡರ್‌ಗಿಂತ ಜಾಸ್ತಿ, ಖರೇ, ಆದ್ರ ಅಡ್ಡೆಯವರು ಅವಸರ ನೋಡಿ ಕೆಜಿ ಲೆಕ್ಕದಾಗ ಕಿತ್ಕೊಳ್ಳೋದೇನು ಕಡಿಮಿ ಅಲ್ಲ, ಮ್ಯಾಲೆ ತೂಕಕ್ಕ ಗ್ಯಾರಂಟಿ ಇಲ್ಲ.

ಹಂಗಾದ್ರ ಯಾಕ ತಗೊಳ್ಳಂಗಿಲ್ಲ ಅಂದ್ರ, ಸಿಗಬೇಕಲ್ರೀ! ಇತ್ತೀಚೆಗೆ ಒಬ್ರು ಗಿರಾಕಿ ಸಲುವಾಗಿ ನಾನೇ ಒಂದು ಏಜೆನ್ಸಿಗೆ ಫೋನ್ ಹಚ್ಚಿದ್ರ "ಐದು ಕೆಜಿದು ಸ್ಟಾಕ್ ಇಲ್ಲ" ಅಂದ್ರು, ಯಾವಾಗ ಬರ್ತೈತಿ ಅಂದ್ರ "ಗೊತ್ತಿಲ್ಲ, ಅದನ್ನ ಯಾರೂ ಕೇಳಂಗಿಲ್ಲ ಇಲ್ಲಿ" ಅಂದ್ರು. ಯಾರೂ ಕೇಳಂಗಿಲ್ಲ ಅಂತ ಅವರು ತರಸಂಗಿಲ್ಲ, ಅಲ್ಲಿ ಇರ್ತೈತಿ ಅಂತ ಗೊತ್ತಿಲ್ಲದ ಮಂದಿ ಕೇಳಂಗಿಲ್ಲ, ನಡುವ ಅಡ್ಡೆಯವ ಮಾತ್ರ ಬೆಳಿಗ್ಗೆ ಆರಕ್ಕೂ ಇರ್ತಾನ, ರಾತ್ರಿ ಹತ್ತಕ್ಕೂ ಇರ್ತಾನ.

ಹೊರದೇಶದ ಗಾಡಿಯವರಿಗೆ ನಾನು ಹೇಳೋದು ಇಷ್ಟೇ, ನಿಮ್ಮ ಸಿಲಿಂಡರ್ ಖಾಲಿ ಇದ್ದಂಗೇ ಡಬ್ಬಿಯಾಗ ಇರ್ಲಿ, ಇಲ್ಲಿರೋ ತನಕ ನಮ್ಮ 5 ಕೆಜಿದು ತಗೊಂಡು ಅದಕ್ಕ ಹೊಂದೋ ರೆಗ್ಯುಲೇಟರ್‌ನೂ ಅಲ್ಲೇ ತಗೋರಿ. ನಮ್ಮ ಮನಿ ರೆಗ್ಯುಲೇಟರ್ ಕೊಡೋ ಒತ್ತಡ ಹೆಚ್ಚೂಕಡಿಮಿ 30 ಮಿಲಿಬಾರ್, ಅವರ ಈಗಿನ ಗಾಡಿಗಳ ಒಲಿಗಳೂ ಅದೇ 30ಕ್ಕೇ ನಡಿತಾವ, ಜರ್ಮನಿಯ ಹಳೇ ಗಾಡಿಗಳು 50ರವು ಇರ್ತಾವ, ಒಲಿ ಮ್ಯಾಲೆ ಹಚ್ಚಿರೋ ಸಣ್ಣ ತಗಡಿನ ಮ್ಯಾಲೆ ಬರೆದಿರ್ತೈತಿ. 50ರ ಒಲಿಗೆ ನಮ್ದು ಹಚ್ಚಿದ್ರ ಉರಿ ಸೋತಂಗ ಬರ್ತೈತಿ, ಅದಕ್ಕಂತ ರೆಗ್ಯುಲೇಟರ್ ತೆಗೆದು ನೇರ ಹಚ್ಚೋದು, ಬರ್ನರ್ ತೂತು ದೊಡ್ಡದು ಮಾಡೋದು ಅಂಥಾ ಕಿತಾಪತಿ ಬ್ಯಾಡ. ಪೈಪ್ ಕಿತ್ತಳಿ ಬಣ್ಣದ ಸುರಕ್ಷಾ ಪೈಪೇ ಇರ್ಲಿ, ಐದು ವರ್ಷಕ್ಕ ಬದಲಿಸ್ರಿ. ಮನಿಯಾಗ ಪೈಪ್ ಅಲುಗಾಡಂಗಿಲ್ಲ, ಗಾಡಿ ನಮ್ಮ ರೋಡಿನ ಹಂಪ್ ಹಾರಿ ಹಾರಿ ನಟ್ ಸಡಿಲ ಆಗಿರ್ತೈತಿ, ಅದಕ್ಕ ಗಾಡಿ ನಿಂತಲ್ಲೆಲ್ಲಾ ಸೋಪಿನ ನೀರು ಹಚ್ಚಿ ಗುಳ್ಳಿ ಏಳ್ತಾವೇನು ನೋಡೋದು ಚಲೋ. ಓಡೋ ಹೊತ್ನ್ಯಾಗ ಸಿಲಿಂಡರ್ ಬಂದ್ ಇರಬೇಕು, ನೆಟ್ಟಗ ನಿಂತಿರಬೇಕು, ಮಲಗಿಸಿದ್ರ ದ್ರವಾನೇ ರೆಗ್ಯುಲೇಟರ್‌ಗೆ ಬರ್ತೈತಿ. ಪೆಟ್ರೋಲ್ ಬಂಕಿಗೆ ಹೋಗೋ ಮುಂಚೆ ಗ್ಯಾಸಿನ ಫ್ರಿಜ್ ಇದ್ರ ಅದನ್ನೂ ಆರಿಸಬೇಕು, ಅದರೊಳಗ ಸಣ್ಣ ಉರಿ ಇರ್ತೈತಿ ಅನ್ನೋದೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಚಳಿ ಅಂತ ಕಿಟಕಿ ಮುಚ್ಚಿ ಒಲಿ ಹಚ್ಕೊಂಡು ಮಲಗೋದಂತೂ ಬ್ಯಾಡೇ ಬ್ಯಾಡ.

ಸಿಲಿಂಡರ್ ತಗೊಳ್ಳುವಾಗ ಮ್ಯಾಲಿನ ಹಿಡಿಕಿ ಪಟ್ಟಿ ಒಳಗಡೆ ಒಂದು ಅಕ್ಷರ, ಎರಡು ಅಂಕಿ ಬರೆದಿರ್ತಾರ, ಅದನ್ನ ನೋಡ್ರಿ. ಎ ಅಂದ್ರ ಜನವರಿಯಿಂದ ಮಾರ್ಚ್, ಬಿ, ಸಿ, ಡಿ ಹಂಗೇ ಮೂರು ಮೂರು ತಿಂಗಳು. ಸಿ-27 ಅಂತ ಇದ್ರ 2027ರ ಸೆಪ್ಟೆಂಬರ್‌ ಒಳಗ ಅದನ್ನ ಮತ್ತ ಟೆಸ್ಟ್ ಮಾಡಿಸಬೇಕು ಅಂತ, ದಾಟಿದ್ದು ಕೊಟ್ರ ವಾಪಸ್ ಕೊಡ್ರಿ. ಸೋರಿಕಿ ಆದ್ರ 1906ಕ್ಕ ಫೋನ್ ಮಾಡ್ರಿ, ಗಾಡಿಯಿಂದ ದೂರ ಹೋಗಿ ಮಾಡ್ರಿ.

ಈಗ ಜಿಲ್ಲಾಡಳಿತಕ್ಕ, ಆಹಾರ ಇಲಾಖೆಗೆ, ಗ್ಯಾಸ್ ಕಂಪನಿಯವರಿಗೆ ನನ್ನ ಕೇಳಿಕಿ. ದಾಳಿ ಮಾಡ್ರಿ, ಬಿಡಬ್ಯಾಡ್ರಿ, ಆದ್ರ ಅದರ ಹಿಂದಿನ ದಿನಾನೇ ಆ ಓಣಿ ಹತ್ರ 5 ಕೆಜಿ ಸಿಲಿಂಡರ್ ಕಾಯಂ ಸಿಗೋ ಜಾಗ ಒಂದು ಮಾಡ್ರಿ. ಗಂಗಾವತಿ ಊರಾಗ, ಆನೆಗೊಂದಿ ರೋಡಿನಾಗ, ಹುಲಿಗಿ ಹತ್ರ ಮುನಿರಾಬಾದ್‌ದಾಗ, ಕುಷ್ಟಗಿ ಕಡೆ ಹೆದ್ದಾರಿ 50ರ ಮ್ಯಾಲೆ, ಕೊಪ್ಪಳದ ಹತ್ರ 67ರ ಮ್ಯಾಲೆ ಬಂಕುಗಳು ಅದಾವಲ್ಲ, ಅವುಗಳಾಗ ಒಂದೊಂದಕ್ಕ ಸ್ಟಾಕ್ ಕಡ್ಡಾಯ ಮಾಡ್ರಿ, "ಇಲ್ಲಿ 5 ಕೆಜಿ ಗ್ಯಾಸ್ ಸಿಗುತ್ತದೆ" ಅಂತ ರೋಡಿಗೆ ಕಾಣೋಹಂಗ ಬೋರ್ಡ್ ಹಾಕ್ಸ್ರಿ. ಪ್ರವಾಸೋದ್ಯಮ ಇಲಾಖೆಯವರು ಅಂಜನಾದ್ರಿ ಪಾರ್ಕಿಂಗ್‌ದಾಗ ಅಡಿಗಿ ಮಾಡೋರಿಗೆ ಬಸ್ಸುಗಳಿಂದ ದೂರ ಬ್ಯಾರೆ ಬಯಲು ಗುರುತು ಮಾಡಿ ಕೊಡ್ರಿ, ಸಿಲಿಂಡರ್ ಎಲ್ಲಿ ಸಿಗ್ತೈತಿ ಅನ್ನೋದನ್ನ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕರಾಗೂ ಬರೆಸ್ರಿ. ಡಿಸೆಂಬರ್‌ದಾಗ ಹನುಮಮಾಲಿ ಹಾಕಿದ ಮಂದಿ ಬರೋದು ಶುರು ಆಗ್ತೈತಿ, ಅಷ್ಟ್ರೊಳಗ ಬಂಕಿನ ಸ್ಟಾಕೂ ಪಾರ್ಕಿಂಗ್ ಬಯಲೂ ಎರಡೂ ತಯಾರಾಗಿರ್ಲಿ.

ಇಂತಿ,
ಒಬ್ಬ ಗ್ಯಾಸ್ ಒಲಿ ರಿಪೇರಿಯವ, ಗಂಗಾವತಿ, ಕೊಪ್ಪಳ ಜಿಲ್ಲೆ