ಪೀಣ್ಯದ ಶೆಡ್ಡುಗಳು ಒಬ್ಬರಿಗೊಬ್ಬರು ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಪೀಣ್ಯದ ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಕೆಲಸದ ಜಾಗ ಅಚ್ಚುಕಟ್ಟಾಗಿಡಲು ಜಪಾನಿನಿಂದ ಬಂದ ‘ಫೈವ್ ಎಸ್’ ಅನ್ನುವ ಐದು ಹಂತಗಳ ಚಾರ್ಟ್ ನೇತು ಹಾಕಿರುತ್ತಾರೆ. ಅದು ಇಂಗ್ಲಿಷಿನಲ್ಲಿರುತ್ತದೆ. ಮೆಷಿನ್ ಮುಂದೆ ನಿಂತಿರುವವರು ಒಡಿಶಾ, ಬಿಹಾರ, ರಾಯಚೂರು ಕಡೆಯ ಹುಡುಗರು. ಆಡಿಟ್ ಇದ್ದ ದಿನ ಎಲ್ಲ ಒರೆಸಿ ಜೋಡಿಸಿಡುತ್ತಾರೆ, ಮಾರನೇ ದಿನ ಮತ್ತೆ ಅದೇ ಕಥೆ.

ಜಪಾನಿನಲ್ಲಿ ಟೊಯೋಟಾಗೆ ಬಿಡಿಭಾಗ ಕೊಡುವ ಕಂಪನಿಗಳು ಚಾರ್ಟ್ ನೋಡಿ ಕಲಿತದ್ದಲ್ಲ. ಗುಂಪು ಮಾಡಿಕೊಂಡು ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ, ಅಲ್ಲಿ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ನಿಂತು ನೋಡಿ, ಎಲ್ಲರೂ ಸೇರಿ ಸರಿ ಮಾಡುತ್ತಾರೆ. ಇದಕ್ಕೆ ‘ಜಿಶುಕೆನ್’ ಅನ್ನುತ್ತಾರೆ. 1989ರಲ್ಲಿ ಅಮೆರಿಕದ ಕೆಂಟಕಿಯಲ್ಲೂ ಟೊಯೋಟಾ ವೆಂಡರ್‌ಗಳ ಸಂಘ ಶುರುವಾಯಿತು. ಅಲ್ಲಿನವರಿಗೆ ಹೀಗೆ ಹಂಚಿಕೊಂಡು ಅಭ್ಯಾಸ ಇರಲಿಲ್ಲ. ಅದಕ್ಕೇ ಮೊದಲು ಸಭೆ, ಪರಿಚಯ, ಮಾತುಕತೆ. ನಂಬಿಕೆ ಹುಟ್ಟಿದ ಮೇಲೇ ಶಾಪ್ ಫ್ಲೋರ್ ತೋರಿಸಿದ್ದು. ನಾವು ಈ ಮೊದಲ ಹಂತವನ್ನೇ ಬಿಟ್ಟುಬಿಡುತ್ತೇವೆ, ಅಲ್ವಾ?

ನಮ್ಮಲ್ಲಿ ಭಯ ಇರುವುದು ನಿಜ. ಪಕ್ಕದ ಶೆಡ್ಡಿನವನು ಬಂದರೆ ರೇಟು ಗೊತ್ತಾಗುತ್ತದೆ, ಆರ್ಡರ್ ಹೋಗುತ್ತದೆ ಅಂತ. ಸುಮ್ನೆ ಭಯ ಅನ್ನಲಾರೆ, ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳು ಕೊಡುವ ಬಿಡಿ ಕೆಲಸ, ನಂಬಿ ಸಾಲ ಕಟ್ಟುವವರಿಗೆ ಒಬ್ಬ ಗಿರಾಕಿ ಕೈತಪ್ಪಿದರೂ ದೊಡ್ಡ ಪೆಟ್ಟು. ಹಾಗಾಗಿ ಒಂದೇ ಕೆಲಸ ಮಾಡುವವರನ್ನು ಒಂದೇ ಗುಂಪಿಗೆ ಹಾಕಬೇಡಿ. ಗೇರ್ ಕಟಿಂಗ್, ಶೀಟ್ ಮೆಟಲ್, ಪ್ಲೇಟಿಂಗ್ ಮಾಡುವವರು ಒಟ್ಟಿಗೆ ಕೂರಲಿ. ಪೈಪೋಟಿ ಇಲ್ಲದಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ.

ಹೀಗೆ ಹೋಗಿ ನೋಡಿದರೆ ಏನು ಸಿಗುತ್ತದೆ ಅನ್ನುವುದಕ್ಕೆ, ಸ್ನೇಹಿತರ ಒಂದು ಘಟಕದಲ್ಲಿ ನೋಡಿದ್ದು ಹೇಳುತ್ತೇನೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಪಕ್ಕದಲ್ಲೇ ಒಂದು ಹಲಗೆ. ಸೆಟ್ಟಿಂಗ್ ಬದಲಿಸಲು ಬೇಕಾದ ಆಲನ್ ಕೀ, ಪೀಸು ಹಿಡಿಯುವ ಜಾ, ಅಳತೆ ನೋಡುವ ಗೇಜ್ ಎಲ್ಲ ಅದರ ಮೇಲೆ, ಒಂದೊಂದರ ಆಕಾರ ಬಣ್ಣದಲ್ಲಿ ಬರೆದಿದೆ. ಯಾವುದು ಇಲ್ಲ ಅಂತ ದೂರದಿಂದಲೇ ಕಾಣುತ್ತದೆ. ಪಕ್ಕದಲ್ಲಿ ಒಂದು ಒಳ್ಳೆಯ ಪೀಸು, ಒಂದು ರಿಜೆಕ್ಟ್ ಆದ ಪೀಸು ತೂಗುಹಾಕಿದ್ದಾರೆ. ಅಕ್ಷರವೇ ಬೇಡ. ಒಡಿಯಾ ಹುಡುಗ, ಕನ್ನಡದ ಹುಡುಗ ಇಬ್ಬರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಇದನ್ನು ಯೋಚಿಸಿದ್ದು ಅಲ್ಲಿನ ಆಪರೇಟರ್.

ಸಣ್ಣ ಕಾರ್ಖಾನೆಗಳಲ್ಲಿ ವ್ಯರ್ಥ ಕಡಿಮೆ ಮಾಡಲು ನೆರವಾಗುವ ಕೇಂದ್ರದ ಲೀನ್ ಯೋಜನೆ 2023ರಲ್ಲಿ ಹೊಸ ರೂಪದಲ್ಲಿ ಬಂದಿದೆ, ಕನ್ಸಲ್ಟೆಂಟ್ ಖರ್ಚಿನ ಶೇ 90ರಷ್ಟು ಸರ್ಕಾರವೇ ಕೊಡುತ್ತದೆ. ದುಡ್ಡಿನ ತೊಂದರೆ ಅಷ್ಟಿಲ್ಲ. ಕೈಗಾರಿಕಾ ಸಂಘಗಳು ಇಂಥ ಮಿಶ್ರ ಗುಂಪು ಕಟ್ಟಲಿ, ಭೇಟಿಗೆ ಮಾಲೀಕರು ಮಾತ್ರ ಹೋಗದೆ ಪ್ರತಿ ಘಟಕದಿಂದ ಇಬ್ಬರು ಆಪರೇಟರ್‌ಗಳನ್ನೂ, ಆ ದಿನದ ಸಂಬಳ ಹಿಡಿಯದೆ, ಕರೆದುಕೊಂಡು ಹೋಗಲಿ.

– ಸಣ್ಣ ಘಟಕದ ಮಾಲೀಕ, ಪೀಣ್ಯ, ಬೆಂಗಳೂರು